ಕಾಯಿಸಿದರೂ ಹೋಗದ ಮದ್ದು

ರಾತ್ರಿ ಮಲಗುವ ಮುಂಚೆ ಹಾಲಿಗೆ ಹೆಪ್ಪು ಹಾಕಿ ಇಟ್ಟಿರುತ್ತೀರಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೊಸರಾಗಿಲ್ಲ. ಚಳಿ ಜಾಸ್ತಿಯಾಯಿತೇನೋ, ಹಾಲು ತೀರಾ ಬಿಸಿಯಿದ್ದಾಗ ಹೆಪ್ಪು ಹಾಕಿದೆನೇನೋ, ಹೆಪ್ಪೇ ಹಳತಾಗಿತ್ತೇನೋ ಎಂದುಕೊಳ್ಳುತ್ತೀರಿ. ಬಹಳಷ್ಟು ಸಲ ಕಾರಣ ಇವುಗಳಲ್ಲೇ ಒಂದಾಗಿರುತ್ತದೆ. ಆದರೆ ಹೆಪ್ಪು ಚೆನ್ನಾಗಿದ್ದು, ಹದವೂ ಸರಿಯಿದ್ದು, ಒಂದೇ ಮನೆಯಿಂದ ತಂದ ಹಾಲು ಎರಡು ಮೂರು ದಿನ ಹೀಗೆಯೇ ಆದರೆ ಇನ್ನೊಂದು ಕಾರಣವನ್ನೂ ಯೋಚಿಸಬೇಕು. ಆ ಹಸುವಿಗೆ ಇತ್ತೀಚೆಗೆ ಆ್ಯಂಟಿಬಯೋಟಿಕ್ ಕೊಟ್ಟಿರಬಹುದು.

ಹಾಲನ್ನು ಮೊಸರು ಮಾಡುವುದು ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾವನ್ನು ಕೊಲ್ಲಲೆಂದೇ ಹಸುವಿಗೆ ಕೊಟ್ಟ ಮದ್ದು ಹಾಲಿನಲ್ಲಿ ಇಳಿದು ಬಂದು ನಿಮ್ಮ ಹೆಪ್ಪನ್ನೂ ಕೊಲ್ಲುತ್ತದೆ. ಅದೇ ಹಾಲನ್ನು ಮಗುವಿಗೂ ಕುಡಿಸಿರುತ್ತೇವೆ. "ಚೆನ್ನಾಗಿ ಕಾಯಿಸಿದ್ದೇನಲ್ಲ" ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

ಕಾಯಿಸುವುದರಿಂದ ಹೋಗುವುದು, ಹೋಗದಿರುವುದು

ಹಾಲು ಕಾಯಿಸುವುದು ತೀರಾ ಅಗತ್ಯ. ಕ್ಷಯ ಮತ್ತು ಬ್ರುಸೆಲ್ಲೋಸಿಸ್ ರೋಗಾಣುಗಳು ಹಸಿ ಹಾಲಿನಿಂದ ಮನುಷ್ಯರಿಗೆ ಬರಬಲ್ಲವು. ಕುದಿಸಿದರೆ ಅವು ಸಾಯುತ್ತವೆ. ಆದ್ದರಿಂದ ಹಸಿ ಹಾಲು, ಅದು ಆಡಿನದಾದರೂ ಸರಿ, ಕುಡಿಯಬಾರದು.

ಆದರೆ ಮೂರು ವಸ್ತುಗಳು ಕುದಿಸಿದರೂ ಹೋಗುವುದಿಲ್ಲ. ಮೊದಲನೆಯದು ಆ್ಯಂಟಿಬಯೋಟಿಕ್‌ಗಳ ಉಳಿಕೆ. ಮನೆಯ ಒಲೆಯ ಬಿಸಿಗೆ ಅವುಗಳಲ್ಲಿ ಹೆಚ್ಚಿನವು ಪೂರ್ತಿ ನಾಶವಾಗುವುದಿಲ್ಲ. ಎರಡನೆಯದು ಅಫ್ಲಾಟಾಕ್ಸಿನ್. ಇದು ಬೂಷ್ಟು ಹಿಡಿದ ಹಿಂಡಿ ಮತ್ತು ಮೆಕ್ಕೆಜೋಳದಲ್ಲಿ ಹುಟ್ಟುವ ವಿಷ. ಹಸು ತಿಂದ ವಿಷ ಸ್ವಲ್ಪ ರೂಪ ಬದಲಿಸಿ 'ಎಂ1' ಎಂಬ ಹೆಸರಿನಲ್ಲಿ ಹಾಲಿಗೆ ಬರುತ್ತದೆ. ಯಕೃತ್ತಿಗೆ ಹಾನಿ ಮಾಡುವ ವಿಷಗಳ ಗುಂಪಿಗೆ ಸೇರಿದ್ದು ಇದು. ಮೂರನೆಯದು, ಕೆಚ್ಚಲು ಬಾವಿನ ಹಾಲು ಬೆಚ್ಚಗೆ ಉಳಿದಾಗ ಅದರಲ್ಲಿ ಸ್ಟೆಫಿಲೋಕಾಕಸ್ ಎಂಬ ರೋಗಾಣು ಉತ್ಪಾದಿಸುವ ವಿಷ. ರೋಗಾಣು ಕುದಿತಕ್ಕೆ ಸಾಯುತ್ತದೆ, ಅದು ಬಿಟ್ಟುಹೋದ ವಿಷ ಉಳಿಯುತ್ತದೆ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಕಲಬೆರಕೆಯಿಂದಾಗಿ ಸೇವನೆಗೆ ಅಪಾಯಕಾರಿ ಎನಿಸಿದ್ದು ಅವುಗಳಲ್ಲಿ 12 ಮಾತ್ರ. ಆದರೆ ಶೇ. 5.7ರಷ್ಟು ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1, ಶೇ. 1.2ರಷ್ಟರಲ್ಲಿ ಆ್ಯಂಟಿಬಯೋಟಿಕ್ ಉಳಿಕೆ ಮಿತಿಗಿಂತ ಹೆಚ್ಚಿತ್ತು. ನಾವು ಯೂರಿಯಾಕ್ಕೆ, ಡಿಟರ್ಜೆಂಟ್‌ಗೆ ಹೆದರುತ್ತೇವೆ. ಹಾಲಿಗೆ ಹೆಚ್ಚಾಗಿ ಬಂದ ದೋಷವಾದರೋ ಕೊಟ್ಟಿಗೆಯಿಂದ ಬಂದದ್ದು. ಕೊಟ್ಟಿಗೆಯಲ್ಲಿ ಆದ ತಪ್ಪನ್ನು ಅಡುಗೆಮನೆಯಲ್ಲಿ ಸರಿಪಡಿಸಲು ಸಾಧ್ಯವಿಲ್ಲ. ಅದನ್ನು ಕೊಟ್ಟಿಗೆಯಲ್ಲೇ ತಡೆಯಬೇಕು.

ಕಾಯುವ ದಿನಗಳು

ಮದ್ದು ಕೊಟ್ಟ ಪ್ರಾಣಿಯ ದೇಹದಿಂದ ಆ ಮದ್ದು ಹೊರಹೋಗಲು ಕೆಲವು ದಿನ ಬೇಕು. ಆ ದಿನಗಳು ಮುಗಿಯುವ ತನಕ ಅದರ ಹಾಲು, ಮಾಂಸ, ಮೊಟ್ಟೆ ಬಳಸಬಾರದು. ಇದಕ್ಕೆ 'ವಿತ್‌ಡ್ರಾವಲ್ ಪೀರಿಯಡ್' ಎನ್ನುತ್ತಾರೆ. ನಾವು 'ಕಾಯುವ ದಿನಗಳು' ಎನ್ನೋಣ. ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಔಷಧಗಳ ಮೇಲೆ ಈ ಅವಧಿಯನ್ನು ಮುದ್ರಿಸಬೇಕೆಂದು ನಮ್ಮ ದೇಶದ ಔಷಧ ನಿಯಮಗಳಿಗೆ 2012ರಲ್ಲಿ ತಿದ್ದುಪಡಿ ತರಲಾಯಿತು. ಔಷಧಕ್ಕೆ ನಿರ್ದಿಷ್ಟ ಅವಧಿ ಗೊತ್ತುಪಡಿಸಿಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ ಮತ್ತು ಇತರ ಪ್ರಾಣಿಗಳ ಮಾಂಸಕ್ಕೆ ಕನಿಷ್ಠ 28 ದಿನ ಕಾಯಬೇಕು.

ಲೆಕ್ಕ ಹಾಕುವಾಗ ಹಲವರು ಇಲ್ಲಿ ತಪ್ಪುತ್ತಾರೆ. ದಿನ ಎಣಿಸಬೇಕಾದದ್ದು ಮೊದಲ ಇಂಜೆಕ್ಷನ್‌ನಿಂದ ಅಲ್ಲ, ಕೊನೆಯದರಿಂದ. ಒಂದೇ ಮೊಲೆಗೆ ಟ್ಯೂಬ್ ಮದ್ದು ಹಾಕಿದ್ದರೂ ಮಿಕ್ಕ ಮೂರು ಮೊಲೆಗಳ ಹಾಲನ್ನೂ ಬಿಡಬೇಕು, ಏಕೆಂದರೆ ಮದ್ದು ರಕ್ತದ ಮೂಲಕ ಅಲ್ಲಿಗೂ ಹೋಗುತ್ತದೆ. ಬಿಟ್ಟ ಹಾಲನ್ನು ಕರುವಿಗೆ ಕುಡಿಸಬಾರದು. ಬಾವಿಯಿಂದ ದೂರ ಗುಂಡಿ ತೋಡಿ ಸುರಿಯಬೇಕು.

ಒಮ್ಮೆಯೋ ಎರಡು ಸಲವೋ ಇಂತಹ ಹಾಲು ಕುಡಿದರೆ ಏನಾಗುತ್ತದೆ ಎಂದು ಕೇಳಬಹುದು. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಸ್ವಲ್ಪವೇ ಉಳಿಕೆಯೂ ತೊಂದರೆ ಕೊಡಬಲ್ಲದು. ಮಿಕ್ಕವರಿಗೆ ಅಪಾಯ ನಿಧಾನದ್ದು. ಅಲ್ಪ ಪ್ರಮಾಣದ ಮದ್ದಿಗೆ ಮತ್ತೆ ಮತ್ತೆ ಒಡ್ಡಿಕೊಂಡ ರೋಗಾಣುಗಳು ಅದನ್ನು ಎದುರಿಸುವುದನ್ನು ಕಲಿಯುತ್ತವೆ. ಮುಂದೆ ನಿಜವಾಗಿ ಕಾಯಿಲೆ ಬಂದಾಗ ಅದೇ ಮದ್ದು ನಾಟುವುದಿಲ್ಲ. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮತ್ತಿತರ ಆಹಾರ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಭಯದಿಂದ.

ಕಾಯುವ ದಿನಗಳ ಈ ವಿಚಾರ ನಮಗೆ ತೀರಾ ಹೊಸದೂ ಅಲ್ಲ. ಹೊಲಸು ತಿನ್ನುವ ಅಭ್ಯಾಸವಿರುವ ಪ್ರಾಣಿಗೆ 'ಜಲ್ಲಾಲ' ಎನ್ನುತ್ತಾರೆ. ಅಂತಹ ಪ್ರಾಣಿಯ ಮಾಂಸ ಮತ್ತು ಹಾಲನ್ನು ಪ್ರವಾದಿವರ್ಯರು(ಸ) ವಿರೋಧಿಸಿದ್ದು ಹದೀಸ್ ಗ್ರಂಥಗಳಲ್ಲಿ ಬಂದಿದೆ. ಅದನ್ನು ಕಟ್ಟಿಹಾಕಿ ಶುದ್ಧ ಮೇವು ತಿನ್ನಿಸಿ, ಕೆಲವು ದಿನ ಕಳೆದ ಮೇಲೆ ಬಳಸಬಹುದೆಂದು ಕರ್ಮಶಾಸ್ತ್ರ ಪಂಡಿತರು ವಿವರಿಸಿದ್ದಾರೆ. ಎಷ್ಟು ದಿನ ಎಂಬುದರಲ್ಲಿ ಅವರಲ್ಲಿ ಭಿನ್ನಾಭಿಪ್ರಾಯವಿದೆ. ಪ್ರಾಣಿ ತಿಂದದ್ದು ನಮ್ಮ ತಟ್ಟೆಗೆ ಬರುತ್ತದೆ, ಅದು ಶುದ್ಧವಾಗಲು ಕಾಲ ಕೊಡಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಊಟ ಹಲಾಲ್ ಆಗಿರುವುದರ ಜೊತೆಗೆ ತಯ್ಯಿಬ್, ಅಂದರೆ ಉತ್ತಮವೂ ಆಗಿರಬೇಕೆಂದು ಬಯಸುವವರು ಇದನ್ನು ಕೊಯ್ಯುವ ಗಳಿಗೆಯಲ್ಲಿ ಮಾತ್ರ ನೆನೆದರೆ ಸಾಲದು.

ಮದ್ದೇ ಬೇಡದಂತೆ ಸಾಕುವುದು

ಹಾಲಿಗೆ ಮದ್ದು ಬರಲು ಮುಖ್ಯ ಕಾರಣ ಕೆಚ್ಚಲು ಬಾವು. ಇದನ್ನು ತಡೆದರೆ ಅರ್ಧ ಕೆಲಸ ಮುಗಿದಂತೆ. ಮನೆಯಲ್ಲಿ ಒಂದೆರಡು ಹಸು ಅಥವಾ ಆಡು ಕಟ್ಟಿದವರೂ ಮಾಡಬಹುದಾದ ಕ್ರಮಗಳಿವು.

ಹಾಲು ಕರೆಯುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಕೆಚ್ಚಲನ್ನು ಶುದ್ಧ ನೀರಿನಿಂದ ತೊಳೆದು, ಒಣ ಬಟ್ಟೆಯಿಂದ ಒರೆಸಿ. ಒದ್ದೆ ಕೆಚ್ಚಲಿನಿಂದ ಇಳಿಯುವ ನೀರೇ ಕೊಳೆಯನ್ನು ಪಾತ್ರೆಗೆ ತರುತ್ತದೆ. ಪ್ರತಿ ಹಸುವಿಗೂ ಬೇರೆ ಬಟ್ಟೆ ಇರಲಿ.

ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಬೇರೆ ಲೋಟಕ್ಕೆ ಹಿಂಡಿ. ಲೋಟದ ಬಾಯಿಗೆ ಕಪ್ಪು ಬಟ್ಟೆ ಕಟ್ಟಿದ್ದರೆ ಗರಣೆ, ದಾರದಂತಹ ಎಳೆ, ರಕ್ತದ ಬಣ್ಣ ಕೂಡಲೇ ಕಾಣುತ್ತದೆ. ಆ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಚೆಲ್ಲಬೇಡಿ. ಕಣ್ಣಿಗೆ ಕಾಣದ ಬಾವೂ ಇರುತ್ತದೆ. ಅದನ್ನು ತಿಳಿಯಲು ಪಶು ವೈದ್ಯರ ಬಳಿ ಸುಲಭದ ಪರೀಕ್ಷೆಯಿದೆ. ಹಾಲಿಗೆ ಒಂದು ದ್ರಾವಣ ಬೆರೆಸಿ ಆಡಿಸಿದಾಗ ಅದು ಲೋಳೆಯಂತಾದರೆ ಬಾವು ಶುರುವಾಗಿದೆ ಎಂದರ್ಥ. ಬಾವು ಇರುವ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ.

ಹಾಲು ಕರೆದಾದ ಮೇಲೆ ಮೊಲೆತೊಟ್ಟಿನ ರಂಧ್ರ ಸುಮಾರು ಅರ್ಧ ಗಂಟೆ ತೆರೆದೇ ಇರುತ್ತದೆ. ಆಗ ಹಸು ಸಗಣಿಯ ಮೇಲೆ ಮಲಗಿದರೆ ರೋಗಾಣು ನೇರ ಒಳಗೆ ಹೋಗುತ್ತದೆ. ಆದ್ದರಿಂದ ಹಾಲು ಕರೆದ ಕೂಡಲೇ ಅದರ ಮುಂದೆ ಹುಲ್ಲು ಹಾಕಿ. ತಿನ್ನುತ್ತಾ ಅದು ನಿಂತೇ ಇರುತ್ತದೆ. ವೈದ್ಯರು ಹೇಳಿದ ಅಯೋಡಿನ್ ದ್ರಾವಣದಲ್ಲಿ ಮೊಲೆತೊಟ್ಟು ಅದ್ದಿದರೆ ಇನ್ನೂ ಒಳ್ಳೆಯದು. ನೆಲ ಒಣಗಿರಲಿ, ಗಂಜಲ ಹರಿದುಹೋಗಲು ಇಳಿಜಾರಿರಲಿ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಕೊಟ್ಟಿಗೆಗಳಲ್ಲಿ ಇದೊಂದನ್ನು ನೋಡಿಕೊಂಡರೂ ದೊಡ್ಡ ಲಾಭ.

ಕರೆದ ಹಾಲಿನ ಬಿಸಿ ಹಸುವಿನ ಮೈಬಿಸಿಯಷ್ಟೇ ಇರುತ್ತದೆ. ರೋಗಾಣು ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಎರಡು ಗಂಟೆಯೊಳಗೆ ಸಂಘಕ್ಕೆ ತಲುಪಿಸಿ, ಇಲ್ಲವೇ ಕಾಯಿಸಿ, ಇಲ್ಲವೇ 4 ಡಿಗ್ರಿಗೆ ತಣಿಸಿ. ಫ್ರಿಜ್ ಇಲ್ಲದವರು ಹಾಲಿನ ಕ್ಯಾನನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟರೂ ಸ್ವಲ್ಪ ಸಮಯ ಗಳಿಸಬಹುದು. ಬೆಳಗಿನ ತಣ್ಣನೆಯ ಹಾಲಿಗೆ ಸಂಜೆಯ ಬಿಸಿ ಹಾಲು ಬೆರೆಸಬೇಡಿ. ಗೀರು ಬಿದ್ದ ಪ್ಲಾಸ್ಟಿಕ್ ಕ್ಯಾನ್ ಬದಲು ಸ್ಟೀಲ್ ಬಳಸಿ, ತೊಳೆದು ಬಿಸಿಲಿಗೆ ಬೋರಲು ಹಾಕಿ.

ಹಿಂಡಿಯ ಮೂಟೆ

ಅಫ್ಲಾಟಾಕ್ಸಿನ್ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ತಪ್ಪು ನಡೆಯುತ್ತದೆ. ಮನುಷ್ಯರು ತಿನ್ನಲಾಗದ ಬೂಷ್ಟು ಹಿಡಿದ ಬ್ರೆಡ್, ಕೆಟ್ಟ ಶೇಂಗಾ, ಮುಗ್ಗಿದ ಅಕ್ಕಿಯನ್ನು ಬಿಸಾಡುವ ಬದಲು ಹಸುವಿಗೋ ಆಡಿಗೋ ಹಾಕುತ್ತೇವೆ. ದಂಡವಾಗಲಿಲ್ಲ ಎಂಬ ಸಮಾಧಾನ ನಮಗೆ. ಮರುದಿನದ ಹಾಲಿನಲ್ಲಿ ಅದೇ ವಿಷ ನಮ್ಮ ಬಳಿಗೇ ತಿರುಗಿ ಬರುತ್ತದೆ. ಬೂಷ್ಟು ಕಂಡ ಭಾಗವನ್ನು ಮಾತ್ರ ಕಿತ್ತು ಮಿಕ್ಕದ್ದನ್ನು ಹಾಕುವುದೂ ಸರಿಯಲ್ಲ.

ಹಿಂಡಿ, ಪಶು ಆಹಾರದ ಮೂಟೆಗಳನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಕೆಳಗೆ ಹಲಗೆ ಹಾಕಿ, ಗೋಡೆಯಿಂದ ಒಂದು ಅಡಿ ದೂರ ಇಡಿ. ಮಳೆಗಾಲಕ್ಕೆ ಹೆಚ್ಚು ಸಂಗ್ರಹಿಸದೆ ಬೇಕಾದಷ್ಟೇ ತನ್ನಿ. ಮೊದಲು ತಂದದ್ದನ್ನು ಮೊದಲು ಮುಗಿಸಿ. ಮೆಕ್ಕೆಜೋಳವನ್ನು ಪೂರ್ತಿ ಒಣಗಿಸಿ. ಒಂದು ಸಮಾಧಾನವೆಂದರೆ ಕೆಟ್ಟ ಮೇವು ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲಿನಲ್ಲಿ ಈ ವಿಷ ಬಹುತೇಕ ಇಳಿದುಹೋಗುತ್ತದೆ. ಇಲ್ಲೂ ಕಾಯುವ ದಿನಗಳೇ ಪರಿಹಾರ.

ಬಕ್ರೀದಿನ ಟಗರು

ಹಾಲಿನ ವಿಷಯ ಹೇಳಿದೆವು. ಮಾಂಸಕ್ಕೂ ಇದೇ ನಿಯಮ, ಆದರೆ ದಿನಗಳು ಹೆಚ್ಚು. ಬಕ್ರೀದಿಗೆಂದು ಟಗರನ್ನೋ ಹೋತವನ್ನೋ ತಂದು ಸಾಕುವ ಮನೆಗಳು ಇದನ್ನು ಮುಖ್ಯವಾಗಿ ತಿಳಿಯಬೇಕು. ಹಬ್ಬಕ್ಕೆ ಚೆನ್ನಾಗಿ ಮೈತುಂಬಲಿ ಎಂದು ಕೊನೆಯ ವಾರದಲ್ಲಿ ಜಂತುಹುಳುವಿನ ಔಷಧ, ಕೆಮ್ಮು ಕಂಡರೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸುವುದುಂಟು. ಕೆಲವೇ ದಿನಗಳಲ್ಲಿ ಆ ಮಾಂಸ ನಮ್ಮ ಮನೆಗೆ, ನೆಂಟರಿಗೆ, ಬಡವರ ಮನೆಗೆ ಹಂಚಿಹೋಗುತ್ತದೆ.

ಪ್ರಾಣಿಯನ್ನು ಕೊಂಡ ದಿನವೇ ಪಶು ವೈದ್ಯರಿಗೆ ತೋರಿಸಿ, ಜಂತುಹುಳುವಿನ ಔಷಧ ಬೇಕಿದ್ದರೆ ಆಗಲೇ ಕೊಡಿಸಿ. ಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ಈ ಕೆಲಸ ಮುಗಿದಿರಲಿ. ಔಷಧದ ಹೆಸರು, ಕೊಟ್ಟ ತಾರೀಖು, ಕಾಯಬೇಕಾದ ದಿನಗಳನ್ನು ಒಂದು ಪುಸ್ತಕದಲ್ಲೋ ಕ್ಯಾಲೆಂಡರ್‌ನಲ್ಲೋ ಬರೆದಿಡಿ. ಕೊನೆಯ ವಾರದಲ್ಲಿ ಪ್ರಾಣಿಗೆ ನಿಜವಾಗಿ ಕಾಯಿಲೆ ಬಂದರೆ ಚಿಕಿತ್ಸೆ ತಪ್ಪಿಸಬೇಡಿ. ಮೂಕ ಪ್ರಾಣಿಯನ್ನು ನರಳಲು ಬಿಡುವುದು ಪರಿಹಾರವಲ್ಲ. ಸ್ಪಷ್ಟವಾಗಿ ಕಾಯಿಲೆ ಬಿದ್ದ ಪ್ರಾಣಿ ಕುರ್ಬಾನಿಗೆ ಸಲ್ಲುವುದೂ ಇಲ್ಲ. ಅದಕ್ಕೆ ಮದ್ದು ಕೊಡಿಸಿ, ಕುರ್ಬಾನಿಗೆ ಬೇರೆ ಪ್ರಾಣಿಯ ಬಗ್ಗೆ ನಿಮ್ಮ ಉಸ್ತಾದರಲ್ಲಿ ಕೇಳಿ.

ಇನ್ನೊಂದು ತಪ್ಪು ಪ್ರೀತಿಯಿಂದಲೇ ಆಗುವುದು. ಹುಲ್ಲು, ಸೊಪ್ಪು ಮೇಯ್ದು ಬೆಳೆದ ಟಗರಿಗೆ ಮಕ್ಕಳು ದಿನವಿಡೀ ಅಕ್ಕಿ, ಗೋಧಿ, ಚಪಾತಿ, ಅನ್ನ ತಿನ್ನಿಸುತ್ತಾರೆ. ಒಮ್ಮೆಲೇ ಹೆಚ್ಚು ಧಾನ್ಯ ತಿಂದರೆ ಅದರ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಹೊಟ್ಟೆ ಉಬ್ಬರಿಸಿ, ಭೇದಿಯಾಗಿ ಸಾಯಲೂಬಹುದು. ಧಾನ್ಯ ಕೊಡುವುದಿದ್ದರೆ ಸ್ವಲ್ಪ ಸ್ವಲ್ಪವಾಗಿ ಎರಡು ವಾರ ಅಭ್ಯಾಸ ಮಾಡಿಸಿ.

ಕೊಯ್ಯುವ ಮುಂಚಿನ ಕೆಲವು ಗಂಟೆಗಳು ಮಾಂಸದ ಗುಣವನ್ನು ನಿರ್ಧರಿಸುತ್ತವೆ. ವಿಶ್ರಾಂತಿ ಪಡೆದ ಪ್ರಾಣಿಯ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಶಕ್ತಿಯ ಸಂಗ್ರಹ ಇರುತ್ತದೆ. ಕೊಯ್ದ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ, ಮಾಂಸದ ಪಿಎಚ್ 7ರ ಆಸುಪಾಸಿನಿಂದ 5.5ರ ಹತ್ತಿರಕ್ಕೆ ಇಳಿಯುತ್ತದೆ. ಈ ಹುಳಿ ರೋಗಾಣುಗಳನ್ನು ಹತೋಟಿಯಲ್ಲಿಡುತ್ತದೆ, ಮಾಂಸ ಒಳ್ಳೆಯ ಬಣ್ಣದಲ್ಲಿ ಉಳಿಯುತ್ತದೆ. ಲಾರಿಯಲ್ಲಿ ಒತ್ತೊತ್ತಾಗಿ ತಂದು, ಬಿಸಿಲಿನಲ್ಲಿ ನಿಲ್ಲಿಸಿ, ಹೊಡೆದು ಎಳೆದಾಡಿದ ಪ್ರಾಣಿಯಲ್ಲಿ ಆ ಸಂಗ್ರಹ ಮುಂಚೆಯೇ ಮುಗಿದಿರುತ್ತದೆ. ಅದರ ಮಾಂಸ ಕಪ್ಪಗೆ, ಗಟ್ಟಿಯಾಗಿ, ಅಂಟಂಟಾಗಿದ್ದು ಬೇಗ ಕೆಡುತ್ತದೆ. ದೂರದಿಂದ ತಂದ ಪ್ರಾಣಿಗೆ ಒಂದು ದಿನವಾದರೂ ನೆರಳಿನಲ್ಲಿ ವಿಶ್ರಾಂತಿ ಕೊಡಿ. ಕೊಯ್ಯುವ ಸುಮಾರು 12 ಗಂಟೆ ಮುಂಚೆ ಮೇವು ನಿಲ್ಲಿಸಿ, ಆದರೆ ನೀರನ್ನು ನಿಲ್ಲಿಸಬೇಡಿ. ಪ್ರಾಣಿಗೆ ನೆಮ್ಮದಿ ಕೊಡಬೇಕು, ಕತ್ತಿ ಹರಿತವಾಗಿರಬೇಕು ಎಂಬ ಪ್ರವಾದಿ(ಸ) ಬೋಧನೆಯನ್ನು ನಾವು ಕರುಣೆಯ ಪಾಠವಾಗಿ ಕಲಿತಿದ್ದೇವೆ. ಅದನ್ನು ಪಾಲಿಸಿದ ಮನೆಯ ಮಾಂಸವೂ ಚೆನ್ನಾಗಿರುತ್ತದೆ.

ಕೊನೆಗೆ ನಾಯಿಗಳ ವಿಷಯ. ಕೊಯ್ದಾಗ ಲಿವರ್ ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆಗಳು ಕಂಡರೆ ಅದನ್ನು ನಾಯಿಗೆ ಎಸೆಯಬೇಡಿ. ಅವು ಒಂದು ಬಗೆಯ ಲಾಡಿಹುಳುವಿನ ಮರಿಗಳಿರುವ ಚೀಲಗಳು. ನಾಯಿಯ ಹೊಟ್ಟೆಯಲ್ಲಿ ಹುಳು ಬೆಳೆದು ಅದರ ಮೊಟ್ಟೆ ಮಲದಲ್ಲಿ ಹೊರಬರುತ್ತದೆ. ಹುಲ್ಲಿನ ಮೂಲಕ ಕುರಿಗಳಿಗೆ, ಕೊಳಕು ಕೈ ಮತ್ತು ತರಕಾರಿಯ ಮೂಲಕ ನಮ್ಮ ಮಕ್ಕಳಿಗೆ ಅದು ತಲುಪುತ್ತದೆ. ಮನುಷ್ಯರ ಲಿವರ್‌ನಲ್ಲೂ ಅಂತಹದ್ದೇ ಗುಳ್ಳೆ ಬೆಳೆದು ಶಸ್ತ್ರಚಿಕಿತ್ಸೆಯ ತನಕ ಹೋಗುವುದುಂಟು. ಇಂತಹ ಭಾಗಗಳನ್ನು ನಾಯಿ ಕೆದಕದಷ್ಟು ಆಳದಲ್ಲಿ ಹೂಳಿ.

ಕೊಳ್ಳುವವರ ಪಾಲು

ಹಸು ಸಾಕದವರು ಇದೆಲ್ಲ ನಮಗಲ್ಲ ಎಂದು ಪುಟ ಮಗುಚಬೇಡಿ. ಒಂದು ಲೆಕ್ಕ ನೋಡಿ. ನಿಮಗೆ ಹಾಲು ಕೊಡುವ ಮನೆಯ ಹಸು ದಿನಕ್ಕೆ 8 ಲೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಕೆಚ್ಚಲು ಬಾವಿಗೆ ಮೂರು ದಿನ ಮದ್ದು, ಆಮೇಲೆ ಏಳು ದಿನ ಕಾಯುವುದು. ಹತ್ತು ದಿನಕ್ಕೆ 80 ಲೀಟರ್ ಹಾಲು ಗುಂಡಿಗೆ. ಲೀಟರಿಗೆ 40 ರೂಪಾಯಿಯಂತೆ ಹಿಡಿದರೂ 3,200 ರೂಪಾಯಿ. ಅದೇ ಹಸುವಿನ ಹಾಲಿನಿಂದ ಸಂಸಾರ ನಡೆಸುವ ಹೆಣ್ಣುಮಗಳಿಗೆ ಇದು ಚಿಕ್ಕ ಮೊತ್ತವಲ್ಲ. ಹಾಲು ನಿಲ್ಲಿಸಿದರೆ ನೀವು ಬೇರೆ ಮನೆ ಹುಡುಕಿಕೊಳ್ಳುತ್ತೀರಿ ಎಂಬ ಭಯವೂ ಆಕೆಗಿದೆ. ಹಾಗಾಗಿ ಮೂರನೆಯ ದಿನವೇ ಹಾಲು ನಿಮ್ಮ ಬಾಗಿಲಿಗೆ ಬರುತ್ತದೆ. ಸಂಘಕ್ಕೆ ಹೋದರೆ ಆ ಒಂದು ಹಸುವಿನ ಹಾಲು ಇಡೀ ಊರಿನ ಹಾಲಿಗೆ ಬೆರೆಯುತ್ತದೆ.

ಆದ್ದರಿಂದ ನೀವೇ ಮೊದಲು ಮಾತಾಡಿ. "ಹಸುವಿಗೆ ಮದ್ದು ಕೊಟ್ಟಾಗ ನಮಗೆ ಹೇಳಿ. ಅಷ್ಟು ದಿನ ನಾವು ಪ್ಯಾಕೆಟ್ ಹಾಲು ತರುತ್ತೇವೆ, ಆಮೇಲೆ ನಿಮ್ಮಲ್ಲಿಗೇ ಬರುತ್ತೇವೆ" ಎಂದು ಭರವಸೆ ಕೊಡಿ. ಕೈಲಾದರೆ ಆ ದಿನಗಳ ಹಣದಲ್ಲಿ ಸ್ವಲ್ಪವನ್ನಾದರೂ ಕೊಡಿ. ಮಾಂಸದ ಪ್ರಾಣಿ ಕೊಳ್ಳುವಾಗ ಹಲ್ಲು, ತೂಕ ನೋಡುವ ಜೊತೆಗೆ ಮೂರು ಪ್ರಶ್ನೆ ಕೇಳಿ. ಏನು ಮೇವು? ಕೊನೆಯ ಮದ್ದು ಯಾವಾಗ? ಯಾವ ಲಸಿಕೆ ಆಗಿದೆ? ಇದನ್ನು ಕೇಳುವವರು ಹೆಚ್ಚಾದರೆ ಸಾಕುವವರು ಬರೆದಿಡಲು ಶುರು ಮಾಡುತ್ತಾರೆ.

ಸಾಕುವವರು ಲಸಿಕೆಗಳನ್ನು ತಪ್ಪಿಸಬೇಡಿ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ, ಬ್ರುಸೆಲ್ಲೋಸಿಸ್‌ಗೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಸರಕಾರದಿಂದ ಲಸಿಕೆ ಹಾಕಲಾಗುತ್ತದೆ. ಗರ್ಭ ಜಾರಿದ ಹಸು, ಆಡಿನ ಮಾಸು ಮುಟ್ಟುವಾಗ ಕೈಗವಸು ಹಾಕಿ. ಪ್ರಾಣಿಗೆ ಕಾಯಿಲೆಯಾದರೆ ಮೆಡಿಕಲ್ ಶಾಪಿನಿಂದ ನೀವೇ ಮದ್ದು ತರದೆ, 1962 ಸಂಖ್ಯೆಗೆ ಕರೆ ಮಾಡಿ ಪಶು ವೈದ್ಯರನ್ನು ಕೇಳಿ. ಮದ್ದು ಕೊಟ್ಟವರಲ್ಲಿ "ಎಷ್ಟು ದಿನ ಹಾಲು ಬಿಡಬೇಕು?" ಎಂದು ಕೇಳದೆ ಕಳಿಸಬೇಡಿ.

ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈ ಹಾಕಿದಾಗ ಒಳಗಿನ ಧಾನ್ಯ ಒದ್ದೆಯಾಗಿದ್ದ ಘಟನೆ ನಮಗೆಲ್ಲ ಗೊತ್ತು. ಮಳೆಗೆ ನೆನೆದದ್ದನ್ನು ಜನ ಕಾಣುವಂತೆ ಮೇಲಿಡಬೇಕಿತ್ತೆಂದು ಅವರು ಆ ವ್ಯಾಪಾರಿಗೆ ಹೇಳಿದರು. ನೆನೆದ ಧಾನ್ಯವನ್ನು ಕೈ ಹಾಕಿ ತಿಳಿಯಬಹುದು. ಹಾಲಿನೊಳಗಿನ ಮದ್ದನ್ನು ಕೈ ಹಾಕಿ ತಿಳಿಯಲಾಗದು, ಅದನ್ನು ಮಾರುವವರೇ ಹೇಳಬೇಕು. ಹಾಗೆ ಹೇಳಿದವರಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ಕೊಳ್ಳುವ ನಮ್ಮ ಕೆಲಸ.